ಕಳೆಯ ಸಾಮ್ಯಕ್ಕೆ ಅತ್ತೆ ಹೇಳಿದ ಅರ್ಥ

ನನ್ನ ಸೋದರತ್ತೆಯನ್ನು ಎಲ್ಲರೂ ಚಿಮಟದ ಟೀಚರ್ ಎಂದೇ ಕರೆಯುತ್ತಿದ್ದರು. ಟೀಚರ್ ಎನ್ನುವುದು ಭಾನುವಾರದ ಕೆಲಸಕ್ಕೆ ಸಿಕ್ಕ ಹೆಸರು, ಚಿಮಟ ಉಳಿದ ಆರು ದಿನಗಳದ್ದು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದಿದ್ದರೆ ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದು ನೋಟ ನೋಡುತ್ತಿದ್ದಳು. ಆ ನೋಟಕ್ಕೆ ಸಿಕ್ಕವರು ಆಮೇಲೆ ಎಷ್ಟೋ ಹೊತ್ತು ತಮ್ಮ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ, ಕಿಟಕಿ ಪಕ್ಕದ ಒಂದೇ ಮೇಜಿನ ಮುಂದೆ ಅವಳು ಮೂವತ್ತೊಂದು ವರ್ಷ ಕೂತಳು. ಗೋಧಿ ಬೀಜದ ಮಾದರಿಗಳು ಬಟ್ಟೆಯ ಚೀಲಗಳಲ್ಲಿ ಅರಗಿನ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದವು. ಒಂದೊಂದು ಚೀಲದಿಂದ ನೂರಿಪ್ಪತ್ತು ಗ್ರಾಂ ತೂಗಿ ಗಾಜಿನ ಹಲಗೆಯ ಮೇಲೆ ಸುರಿದುಕೊಂಡು, ಚಿಮಟದ ತುದಿಯಿಂದ ಕಾಳನ್ನು ಒಂದೊಂದಾಗಿ ಸರಿಸಿ ನಾಲ್ಕು ಗುಡ್ಡೆ ಮಾಡಬೇಕು. ಒಳ್ಳೆಯ ಬೀಜ ಒಂದು ಕಡೆ, ಬೇರೆ ಬೆಳೆಯ ಬೀಜ ಇನ್ನೊಂದು ಕಡೆ, ಕಳೆಯ ಬೀಜ ಮತ್ತೊಂದು ಕಡೆ, ಕೊನೆಗೆ ಕಲ್ಲು ಹೊಟ್ಟು ಸೇರಿದ ಕಸ. ಗೋಧಿಯ ನಡುವೆ ಗೋಧಿಯಂತೆಯೇ ಕಾಣುವ ಒಂದು ಕಳೆಯ ಕಾಳಿದೆ, ಸ್ವಲ್ಪ ತೆಳ್ಳಗೆ, ಬೆನ್ನು ಸ್ವಲ್ಪ ಚಪ್ಪಟೆ. ಹೊಸಬರು ಅದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಭೂತಗನ್ನಡಿಯಲ್ಲಿ ಹುಡುಕುತ್ತಿದ್ದರು. ಅತ್ತೆ ಪಕ್ಕದವರ ಜೊತೆ ಮಾತಾಡುತ್ತಲೇ ಅದನ್ನು ಎತ್ತಿ ಆಚೆ ಇಡುತ್ತಿದ್ದಳು. ಅವಳು ಸಹಿ ಹಾಕಿದ ವರದಿಯನ್ನು ಎರಡನೇ ಸಲ ಪರೀಕ್ಷೆಗೆ ಕಳಿಸಿದವರು ಯಾರೂ ಇರಲಿಲ್ಲ.

ಆ ಕೆಲಸಕ್ಕೆ ಒಂದು ನಿಯಮವಿತ್ತು. ಸಂಬಂಧಿಕರ ಮಾದರಿ ಬಂದರೆ ಮುದ್ರೆ ಒಡೆಯದೆ ಪಕ್ಕದ ಮೇಜಿಗೆ ಕೊಟ್ಟುಬಿಡಬೇಕು. ಅಪ್ಪ, ಅಂದರೆ ಅತ್ತೆಯ ಒಬ್ಬನೇ ತಮ್ಮ, ಒಂದು ಬೀಜದ ಕಂಪನಿಯಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದ. ಆ ಕಂಪನಿಯ ಚೀಲ ಬಂದಾಗಲೆಲ್ಲ ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ದಾಟಿಸುತ್ತಿದ್ದಳು. ತಮ್ಮನ ಚೀಲವಲ್ಲ, ಬರೀ ತಮ್ಮ ಕೆಲಸ ಮಾಡುವ ಕಡೆಯ ಚೀಲ, ಆದರೂ ಮುಟ್ಟುತ್ತಿರಲಿಲ್ಲ. ಇದನ್ನು ಅವಳು ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು, ನನಗಂತೂ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ಇನ್ನು ಭಾನುವಾರ. ನಮ್ಮದು ಅರವತ್ತು ಮನೆಗಳ ಪುಟ್ಟ ಕ್ರೈಸ್ತ ಸಭೆ. ಟೈರ್ ಅಂಗಡಿಯ ಹಿಂದಿನ ಉದ್ದನೆಯ ಹಾಲಿನಲ್ಲಿ ಸೇರುತ್ತಿದ್ದೆವು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸಂಬಳದ ಬೋಧಕರು ಯಾರೂ ಇರಲಿಲ್ಲ, ನಾಲ್ವರು ಹಿರಿಯರಿದ್ದರು. ಅವರಲ್ಲಿ ದೊಡ್ಡವರು ಗಡಿಯಾರ ರಿಪೇರಿ ಮಾಡುವವರು. ಶಾಸ್ತ್ರ ಓದಿ ಅರ್ಥ ಹೇಳುವುದು ಅತ್ತೆಯ ಪಾಲಿಗೆ ಬಂದಿತ್ತು, ಯಾಕೆಂದರೆ ಅವಳಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇರುವುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಸಭೆಯಲ್ಲಿ ಏನಾದರೂ ತಕರಾರು ಬಂದರೆ ಕೈ ಎತ್ತಿಸಿ ತೀರ್ಮಾನ ಮಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. "ವಾಕ್ಯ ಏನು ಹೇಳುತ್ತೋ ನೋಡೋಣ" ಎಂದು ಗಡಿಯಾರದ ಹಿರಿಯರು ಹೇಳುತ್ತಿದ್ದರು. ಮುಂದಿನ ಭಾನುವಾರ ಪುಸ್ತಕದಲ್ಲಿ ಸರದಿಯಂತೆ ಯಾವ ಭಾಗ ಬಂದರೆ ಅದರ ಅರ್ಥದಂತೆ ನಡೆಯುವುದು. ಅರ್ಥ ಹೇಳುವವಳು ಅತ್ತೆ. ಹಾಗಾಗಿ ತೀರ್ಮಾನ ಯಾರದು ಎಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ನನಗೆ ಹದಿನಾರು ವರ್ಷವಿದ್ದಾಗ ಅಪ್ಪ ಗೋದಾಮಿಗೆ ಹುಳುಗಳ ಮದ್ದು ಹಾಕಿಸಿದ. ಮೂಟೆಗಳ ನಡುವೆ ಗುಳಿಗೆ ಇಟ್ಟು ಬಾಗಿಲು ಮುಚ್ಚಿ, ಸಂದುಗಳಿಗೆಲ್ಲ ಕಾಗದ ಅಂಟಿಸಿಬಿಟ್ಟರೆ ಒಳಗೆ ವಿಷದ ಗಾಳಿ ತುಂಬಿಕೊಳ್ಳುತ್ತದೆ. ಐದು ದಿನ ತೆರೆಯುವಂತಿಲ್ಲ. ಮುಚ್ಚುವ ಮುಂಚೆ ಒಳಗೆ ಒಂದು ಸುತ್ತು ಹಾಕಬೇಕು, ಕೆಲಸದವರನ್ನು ಎಣಿಸಬೇಕು, ಜೋರಾಗಿ ಕೂಗಬೇಕು. ಅವತ್ತು ಮಧ್ಯಾಹ್ನ ಉಳಿದ ಹಮಾಲಿಗಳು ಲಾರಿಯ ಬಳಿ ಇದ್ದರು. ಒಬ್ಬ ಮಾತ್ರ ಊಟ ಮುಗಿಸಿ ಹಿಂದಿನ ಸಾಲಿನ ಮೂಟೆಗಳ ಮರೆಯಲ್ಲಿ ಅಡ್ಡಾಗಿದ್ದ. ಅಪ್ಪ ಬಾಗಿಲು ಹಾಕಿ ಬೀಗ ಜಡಿದ. ಆ ಮನುಷ್ಯ ನಮ್ಮ ಸಭೆಯವನೇ, ಹಾಡುವಾಗ ಎಲ್ಲರಿಗಿಂತ ಒಂದು ಸಾಲು ಮುಂದಿರುತ್ತಿದ್ದ. ಎರಡು ಮಕ್ಕಳಿದ್ದವು.

ಕೋರ್ಟಿನಲ್ಲಿ ವಕೀಲರು ಅಪ್ಪನಿಗೆ ಬಾಯಿಗೆ ಬೀಗ ಹಾಕಿಕೊಳ್ಳಲು ಹೇಳಿದರು, ಮಾತಾಡುವುದನ್ನೆಲ್ಲ ತಾವೇ ಮಾತಾಡಿದರು. ಮೂರು ವರ್ಷ ಶಿಕ್ಷೆಯಾಯಿತು. ನನ್ನ ಅಮ್ಮ ಅದಕ್ಕೂ ಎಷ್ಟೋ ಮೊದಲೇ ತೀರಿಕೊಂಡಿದ್ದಳು, ಆದ್ದರಿಂದ ನಾನು ಅತ್ತೆಯ ಮನೆ ಸೇರಿದೆ. ಮದುವೆಯಾಗದ ಹೆಂಗಸು, ನನ್ನನ್ನು ಚೆನ್ನಾಗಿ ನೋಡಿಕೊಂಡಳು. ಆ ಋಣ ನನಗೆ ನೆನಪಿದೆ. ಅದಕ್ಕೇ ಇದನ್ನೆಲ್ಲ ಹೇಳುವುದು ಕಷ್ಟ.

ಅಪ್ಪ ಹೊರಬಂದಾಗ ಅಂಗಿಯ ಒಳಗೆ ಮೈ ಇದೆಯೋ ಇಲ್ಲವೋ ಎಂಬಂತಾಗಿದ್ದ. ಕೆಮ್ಮು ಬೇರೆ. ಬಂದ ಮೊದಲ ಭಾನುವಾರವೇ ಸಭೆಗೆ ಬಂದು ಬಾಗಿಲ ಬೆಂಚಿನ ಮೇಲೆ ಕೂತ. ನಮ್ಮಲ್ಲಿ ದೊಡ್ಡ ತಪ್ಪು ಮಾಡಿದವರು ಕೂರುವ ಜಾಗ ಅದು, ಚಪ್ಪಲಿ ಬಿಡುವ ಕಡೆ, ಎಲ್ಲರ ಬೆನ್ನ ಹಿಂದೆ. ಅಲ್ಲಿ ಕೂತವರು ಕೊನೆಗೆ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಮುಂಚೆ ಎದ್ದು ಹೋಗಬೇಕು. ಅವರನ್ನು ಮತ್ತೆ ಒಳಗೆ ಸೇರಿಸಿಕೊಳ್ಳುವ ದಿನ ಅವರು ಎಲ್ಲರ ಮುಂದೆ ನಿಂತು, ನಡೆದದ್ದನ್ನು ತಮ್ಮ ಬಾಯಿಂದಲೇ, ಒಂದೂ ಬಿಡದೆ ಹೇಳಬೇಕು. ಕೇಳುವವರು ಏನು ಬೇಕಾದರೂ ಕೇಳಬಹುದು. ಆಮೇಲೆ ಅವರ ಕೈಗೆ ರೊಟ್ಟಿ. ಅಪ್ಪನಿಗೆ ಬೇಕಾಗಿದ್ದದ್ದು ಅಷ್ಟೇ. ಕೆಲಸ ಕೇಳಲಿಲ್ಲ, ಮನೆ ಕೇಳಲಿಲ್ಲ, ಆ ಒಂದು ದಿನ ಕೇಳಿದ.

ಹಿರಿಯರು ಎಂದಿನಂತೆ ವಾಕ್ಯಕ್ಕೆ ಬಿಟ್ಟರು. ಆಗ ನಾವು ಸುವಾರ್ತೆಯಲ್ಲಿ ಪರಲೋಕ ರಾಜ್ಯದ ಸಾಮ್ಯಗಳನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತದ ಕತೆಗಳನ್ನು, ಒಂದೊಂದಾಗಿ ಓದುತ್ತಿದ್ದೆವು. ಬಿತ್ತುವವನದು ಮುಗಿದಿತ್ತು, ಮುಂದಿನದು ಕಳೆಯದು. ಹೊಲದಲ್ಲಿ ಒಳ್ಳೆಯ ಬೀಜ ಬಿತ್ತಿದ ಯಜಮಾನ, ಎಲ್ಲರೂ ಮಲಗಿದ್ದಾಗ ಬಂದು ಕಳೆ ಬಿತ್ತಿದ ವೈರಿ, ಕಿತ್ತುಹಾಕೋಣವೇ ಎಂದು ಕೇಳುವ ಆಳುಗಳು, ಬೇಡ, ಸುಗ್ಗಿಯವರೆಗೆ ಎರಡೂ ಬೆಳೆಯಲಿ, ಕೀಳಲು ಹೋಗಿ ಗೋಧಿಯನ್ನೂ ಕಿತ್ತೀರಿ ಎನ್ನುವ ಯಜಮಾನ. ಈ ಕತೆ ಯಾರಿಗೆ ಗೊತ್ತಿಲ್ಲ? ಸಭೆಯ ಮಕ್ಕಳಿಗೂ ಬಾಯಿಪಾಠ.

ಶನಿವಾರ ಸಂಜೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. "ಅಕ್ಕ, ನಾಳೆ ಕಳೆದಲ್ವಾ?"

"ಹೂಂ."

"ಎರಡೂ ಬೆಳೀಲಿ ಬಿಡಿ ಅಂತಾನಲ್ಲ, ಆ ಯಜಮಾನ."

"ಅಂತಾನೆ."

ಅಪ್ಪ ನಕ್ಕ. ಬಂದಾಗಿನಿಂದ ಅವನು ನಕ್ಕದ್ದು ಅದೇ ಮೊದಲು. ನಾನು ಅವನ ಬಿಳಿ ಅಂಗಿ ಒಗೆದು ಹಾಕಿದೆ. ನಾಳೆಗೇ ಎಲ್ಲ ಮುಗಿಯುತ್ತದೆ ಎಂದುಕೊಂಡೆ, ದಡ್ಡಿ.

ಮರುದಿನ ಅತ್ತೆ ಹೇಳಿದ್ದನ್ನು ಇವತ್ತಿಗೂ ಮೊದಲಿಂದ ಕೊನೆಯವರೆಗೆ ಹೇಳಬಲ್ಲೆ. ಗೋಧಿ ಮತ್ತು ಕಳೆ ಎಳೆಯದಾಗಿದ್ದಾಗ ಎಷ್ಟು ಒಂದೇ ಥರ ಇರುತ್ತವೆ, ಬೇರು ಹೇಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ ಎಂದು ಅವಳು ವಿವರಿಸುವಾಗ ಹಾಲಿನಲ್ಲಿ ಒಂದು ಕೆಮ್ಮು ಕೂಡ ಇರಲಿಲ್ಲ. ಅಪ್ಪನದೂ ಇರಲಿಲ್ಲ. ಆಮೇಲೆ ಅವಳು ಪುಸ್ತಕ ಮುಚ್ಚಿ ಕನ್ನಡಕ ತೆಗೆದಳು.

"ಈಗ ಒಂದು ಮಾತು. ಇದರಲ್ಲಿ ಹೊಲ ಅಂದ್ರೆ ಏನು? ನಾವು ನೀವು ಊಹೆ ಮಾಡೋದು ಬೇಡ, ಯೇಸುಸ್ವಾಮಿಯೇ ಬಿಡಿಸಿ ಹೇಳಿದ್ದಾರೆ. ಹೊಲ ಅಂದ್ರೆ ಲೋಕ. ಸಭೆ ಅಂತ ಹೇಳಿಲ್ಲ. ಲೋಕದಲ್ಲಿ ಎರಡೂ ಬೆಳೀಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದ್ರೆ ಸಭೆ ಹೊಲ ಅಲ್ಲ, ಬೀಜದ ಚೀಲ. ಚೀಲದಲ್ಲಿ ಕಳೆ ಇರಬಾರದು. ಇದ್ರೆ ಮುಂದಿನ ವರ್ಷ ಅದೇ ಬಿತ್ತನೆ ಆಗುತ್ತೆ."

ಪುಸ್ತಕದಲ್ಲಿ ಹಾಗೇ ಇತ್ತು, ಹೊಲವೆಂದರೆ ಲೋಕ ಎಂದೇ ಇತ್ತು. ಗಡಿಯಾರದ ಹಿರಿಯರು ಅವಳ ಮುಖ ನೋಡಿ, "ವಾಕ್ಯ ಹೇಳಿತು" ಎಂದರು. ಬೆನ್ನ ಹಿಂದೆ ಚಪ್ಪಲಿ ಎಳೆದ ಸದ್ದಾಯಿತು. ರೊಟ್ಟಿ ಇನ್ನೂ ಮೇಜಿನ ಮೇಲೆ ಬಂದಿರಲಿಲ್ಲ, ಅಪ್ಪ ಅಷ್ಟರಲ್ಲೇ ಎದ್ದು ಹೋಗಿದ್ದ.

ಮನೆಗೆ ಬಂದು ನಾನು ಜಗಳಕ್ಕೇ ನಿಂತೆ. ಹುಟ್ಟಿದಾಗಿನಿಂದ ಅತ್ತೆಗೆ ಎದುರಾಡದವಳು, ಅವತ್ತು ಬಾಯಿಗೆ ಬಂದದ್ದೆಲ್ಲ ಅಂದೆ.

"ನಿಮ್ಮ ಲ್ಯಾಬಲ್ಲಿ ಮುರಿದ ಕಾಳನ್ನ ಏನು ಮಾಡ್ತೀರಿ? ಅರ್ಧಕ್ಕಿಂತ ಒಂಚೂರು ಜಾಸ್ತಿ ಉಳಿದಿದ್ರೂ ಒಳ್ಳೆ ಬೀಜದ ಗುಡ್ಡೆಗೆ ಹಾಕ್ತೀಯಲ್ಲ! ಹುಳ ತಿಂದಿದ್ರೂ ಹಾಕ್ತೀಯ, ಮುರುಟಿದ್ರೂ ಹಾಕ್ತೀಯ. ನೀನೇ ಹೇಳಿಕೊಟ್ಟಿದ್ದು. ಅಪ್ಪನಲ್ಲಿ ಅರ್ಧವೂ ಉಳಿದಿಲ್ವಾ?"

"ಕಾಳನ್ನ ಅಳೀಬಹುದು ಕಣೇ."

"ಹಾಗಾದ್ರೆ ಪಕ್ಕದ ಮೇಜಿಗೆ ಕೊಡಬೇಕಿತ್ತು! ತಮ್ಮನ ವಿಷಯ, ನಾನು ಹೇಳಲ್ಲ, ಬೇರೆಯವರು ಹೇಳಲಿ ಅನ್ನಬೇಕಿತ್ತು."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಸತ್ತವನ ಹೆಂಡತಿ ಎರಡು ಮಕ್ಕಳನ್ನ ಪಕ್ಕದಲ್ಲಿ ಕೂರಿಸಿಕೊಂಡು ನನ್ನನ್ನೇ ನೋಡ್ತಿದ್ಲು," ಎಂದಳು. "ಅವಳ ಮುಖ ನೋಡಿಕೊಂಡು, ನನ್ನ ತಮ್ಮ ಒಳಗೆ ಬರಲಿ ಅಂತ ಹೇಗೆ ಹೇಳಲಿ? ತಮ್ಮನ ಪಕ್ಷ ವಹಿಸಿದೆ ಅಂತ ನಾಳೆ ಯಾರೂ ಅನ್ನಬಾರದು."

ಸಂಬಂಧಿಕರ ಮಾದರಿ ಮುಟ್ಟದವಳು ಈ ಒಂದನ್ನು ಮುಟ್ಟಿದಳು. ಮುಟ್ಟಿ, ಕೈ ಶುದ್ಧವಾಗಿದೆ ಎಂದು ತೋರಿಸಿಕೊಳ್ಳಲು ಕಾಳನ್ನು ಕಸಕ್ಕೆ ಹಾಕಿದಳು. ಬೇರೆ ಯಾರ ತಮ್ಮನಾಗಿದ್ದರೂ, ಅದೇ ಪುಸ್ತಕದಿಂದ, ಅದೇ ಪುಟದಿಂದ ಬೇರೆ ಅರ್ಥ ತೆಗೆಯುತ್ತಿದ್ದಳು. ತೆಗೆಯಲು ಅವಳಿಗೆ ಬರುತ್ತಿತ್ತು.

ಅಪ್ಪ ಮುಂದಿನ ಭಾನುವಾರವೂ ಬಾಗಿಲ ಬೆಂಚಿಗೆ ಹೋಗಿ ಕೂತ. ಅವತ್ತು ಸಾಸಿವೆ ಕಾಳು, ಅದು ಬೆಳೆದು ಮರವಾಗಿ ಹಕ್ಕಿಗಳು ಬಂದು ಕೂರುವ ಕತೆ. ಅದರ ಮುಂದಿನ ವಾರ ಹುಳಿಹಿಟ್ಟು. ಆ ವಾರ ಹಾಲಿನವರೆಗೆ ನಡೆಯಲಾರದೆ ಟೈರ್ ಅಂಗಡಿಯ ಮುಂದೆಯೇ ಕುಸಿದು ಕೂತ. ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆಸಿದೆವು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ಅಪ್ಪನನ್ನು ಹೊರಗೆ ಕೂರಿಸಿ, ಗಡ್ಡೆ ಎರಡೂ ಕಡೆ ಹರಡಿದೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಅತ್ತೆ ಆ ಚಿತ್ರವನ್ನು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಬಿಳಿಯ ಚುಕ್ಕೆಗಳನ್ನು ಒಂದೊಂದಾಗಿ ನೋಡಿದಳು.

ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ ಮಂಚ ಹಾಕಿದೆವು. ಅತ್ತೆ ರಜೆ ಹಾಕಿದಳು. ಮೂವತ್ತು ವರ್ಷದಲ್ಲಿ ಅವಳು ಹಾಕಿದ ಮೊದಲ ದೊಡ್ಡ ರಜೆ. ಗಂಜಿ ಕುಡಿಸಿದಳು, ಬೆನ್ನು ಒರೆಸಿದಳು, ಕಫದ ಬಟ್ಟಲು ತೊಳೆದಳು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಸೀರೆ ಉಟ್ಟು ಪುಸ್ತಕ ಹಿಡಿದು ಹೊರಡುತ್ತಿದ್ದಳು. ಹೊಲದಲ್ಲಿ ಹೂತಿಟ್ಟ ನಿಧಿಗೆ ಒಂದು ವಾರ, ಬೆಲೆಬಾಳುವ ಮುತ್ತಿಗೆ ಒಂದು ವಾರ. ಇದ್ದದ್ದನ್ನೆಲ್ಲ ಮಾರಿ ಒಂದೇ ಒಂದನ್ನು ಕೊಂಡುಕೊಂಡವನ ಕತೆಯನ್ನು ಅವಳು ಹೇಗೆ ಹೇಳಿದಳೋ, ನಾನು ಕೇಳಲು ಹೋಗಲಿಲ್ಲ. ಆದರೆ ಮುತ್ತಿನ ಭಾನುವಾರ ಮನೆಗೆ ಬಂದವಳು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಹೇಳಿದಳು.

"ಹಿರಿಯರ ಹತ್ರ ಮಾತಾಡಿದೆ. ಮುಂದಿನ ವಾರ ಬಲೆಯ ಸಾಮ್ಯ ಇದೆ. ಅದರಲ್ಲಿ ಎಲ್ಲ ಥರದ ಮೀನೂ ಬರುತ್ತೆ. ಅದನ್ನ ಹೇಳಿ ಇವನನ್ನ ಒಳಗೆ ಸೇರಿಸಿಕೊಳ್ಳೋಣ. ಅವರು ಮನೆಗೇ ಬಂದು ಕೇಳ್ತಾರೆ, ಇಲ್ಲೇ ರೊಟ್ಟಿ ಕೊಡ್ತಾರೆ."

"ಇವತ್ತೇ ಯಾಕೆ ಬರಬಾರದು?" ಎಂದೆ.

"ವಾಕ್ಯ ಓದದೆ ಹೇಗೆ ಮಾಡೋದು?"

ಪದ್ಧತಿ ಅಂದರೆ ಪದ್ಧತಿ. ಅಪ್ಪ ಗುರುವಾರ ಮಧ್ಯಾಹ್ನ ಹೋದ. ಸಭೆಯ ಹೊರಗಿದ್ದವರನ್ನು ಹೂಳುವಾಗ ನಮ್ಮಲ್ಲಿ ಹಾಡಿಲ್ಲ. ನಾಲ್ಕು ಜನ ಎತ್ತಿಕೊಂಡು ಹೋದರು, ಗಡಿಯಾರದ ಹಿರಿಯರು ಸ್ಮಶಾನದ ಗೋಡೆಯ ಪಕ್ಕದಲ್ಲಿ ನಿಂತು ಮೆಲ್ಲಗೆ ನಾಲ್ಕು ಸಾಲು ಓದಿದರು. ಮಣ್ಣು ಬೀಳುವ ಸದ್ದು ಬಿಟ್ಟು ಬೇರೆ ಏನೂ ಇರಲಿಲ್ಲ. ಆ ಸದ್ದನ್ನು ಕೇಳುತ್ತ ನಾನು ಅತ್ತೆಯ ಪಕ್ಕದಲ್ಲಿ ನಿಲ್ಲಲಿಲ್ಲ, ಬೇಕೆಂದೇ ಆಚೆ ಹೋಗಿ ನಿಂತೆ.

ಬಲೆಯ ಭಾನುವಾರ ಅತ್ತೆ ಎದ್ದು ನಿಂತು ಆ ಭಾಗವನ್ನು ಓದಿದಳು. ಬಲೆ ತುಂಬಿದ ಮೇಲೆ ದಡಕ್ಕೆ ಎಳೆದು, ಕೂತು, ಒಳ್ಳೆಯದನ್ನು ಬುಟ್ಟಿಗೆ ಹಾಕಿ ಕೆಟ್ಟದ್ದನ್ನು ಬಿಸಾಡುವುದು. ಲೋಕದ ಕೊನೆಯಲ್ಲಿ ಆ ಕೆಲಸ ಮಾಡುವವರು ದೇವದೂತರು. ಓದಿ ಮುಗಿಸಿ ಪುಸ್ತಕವನ್ನು ಗಡಿಯಾರದ ಹಿರಿಯರ ಮುಂದೆ ಇಟ್ಟಳು. "ಇದನ್ನ ಬೇರೆ ಯಾರಾದ್ರೂ ಹೇಳಿ. ನನಗೆ ಬರಲ್ಲ," ಎಂದು ಕೂತಳು. ಪಾಪ, ಆ ಮನುಷ್ಯ ತಡವರಿಸುತ್ತ ಏನೋ ಹೇಳಿದರು. ಅವಳು ಇನ್ನೂ ಒಂಬತ್ತು ವರ್ಷ ಬದುಕಿದ್ದಳು, ಒಂದು ವಾಕ್ಯಕ್ಕೂ ಅರ್ಥ ಹೇಳಲಿಲ್ಲ. ಲ್ಯಾಬಿನಲ್ಲಿ ಉಳಿದಿದ್ದ ಏಳು ತಿಂಗಳ ಕೆಲಸವನ್ನು ಮುಗಿಸಿದಳು, ಆದರೆ ಹೊಸಬರ ಹತ್ತಿರ ಎರಡನೇ ಸಲ ನೋಡಿಸದೆ ಒಂದು ವರದಿಗೂ ಸಹಿ ಹಾಕಲಿಲ್ಲವಂತೆ.

ಆ ಭಾನುವಾರ ಹಾಲಿನಿಂದ ಹೊರಬಂದವಳು ಮನೆಯ ಕಡೆ ತಿರುಗಲಿಲ್ಲ. "ನನ್ನ ಜೊತೆ ಬಾ," ಎಂದಳು. ಹಮಾಲಿಯ ಹೆಂಡತಿಯ ಮನೆಗೆ ಹೋದೆವು. ಅವಳು ಬಟ್ಟೆ ಇಸ್ತ್ರಿ ಮಾಡಿ ಮಕ್ಕಳನ್ನು ಸಾಕುತ್ತಿದ್ದಳು. ಒಂದೇ ಕೋಣೆ, ಅರ್ಧ ಕೋಣೆ ತುಂಬ ಮೇಜು, ಮೇಜಿನ ಮೇಲೆ ಯಾರದೋ ಅಂಗಿಗಳ ರಾಶಿ. ಸೋಮವಾರಕ್ಕೆ ಕೊಡಬೇಕಾದ ಬಟ್ಟೆ, ಆದ್ದರಿಂದ ಸಭೆಯಿಂದ ಬಂದ ಕೂಡಲೇ ಕೆಲಸಕ್ಕೆ ನಿಂತಿದ್ದಳು. ನಮ್ಮನ್ನು ನೋಡಿ ಸ್ಟೂಲ್ ಎಳೆದು ಕೊಟ್ಟು, ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿದಳು.

"ನಿನಗೋಸ್ಕರ ಅಂತ ಅವನನ್ನ ಹೊರಗಿಟ್ಟೆ," ಎಂದಳು ಅತ್ತೆ. ಸುತ್ತುಬಳಸಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ. "ನಿನಗೆ ನೋವಾಗಬಾರದು ಅಂತ. ಈಗ ಅವನಿಲ್ಲ. ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಾಗ್ತಿಲ್ಲ."

ಅವಳು ಒಂದು ತೋಳಿನ ಮಡಿಕೆ ತೀಡಿ ಮುಗಿಸಿದಳು.

"ನನಗೋಸ್ಕರ ಅಂದ್ರಾ?" ಎಂದಳು. "ನನ್ನನ್ನ ಯಾರು ಕೇಳಿದ್ರು ಟೀಚರ್? ಅವರು ಒಳಗೆ ಬರಲಿ ಅಂತ ನಾನು ದಿನಾ ಬೇಡಿಕೊಳ್ತಿದ್ದೆ. ಕ್ಷಮಿಸೋಕಲ್ಲ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಒಳಗೆ ಬರೋವಾಗ ನಿಂತು ಎಲ್ಲ ಹೇಳಬೇಕಲ್ಲ, ಅದಕ್ಕೆ. ಕೋರ್ಟಲ್ಲಿ ಒಂದು ಮಾತೂ ಆಡಲಿಲ್ಲ ಅವರು. ಅವತ್ತು ಅಲ್ಲಿ ಇದ್ದದ್ದು ಇಬ್ಬರೇ, ಒಬ್ಬರು ನನ್ನ ಗಂಡ, ಇನ್ನೊಬ್ಬರು ಅವರು. ನನಗೆ ಬೇಕಾಗಿದ್ದದ್ದು ಒಂದೇ ಒಂದು ವಿಷಯ. ಬಾಗಿಲು ಹಾಕೋ ಮುಂಚೆ ಕೂಗಿದ್ರಾ ಇಲ್ವಾ? ಕೂಗಿದ್ರೆ, ಕೇಳಿಸದಷ್ಟು ನಿದ್ದೆ ಬಂದಿತ್ತು ನಮ್ಮವರಿಗೆ, ನೋವು ಗೊತ್ತಾಗದೆ ಹೋದ್ರು ಅಂತ ಮಕ್ಕಳಿಗೆ ಹೇಳಬಹುದು. ಕೂಗದೇ ಇದ್ದಿದ್ರೆ, ಎಚ್ಚರ ಇತ್ತೋ ಏನೋ, ಬಾಗಿಲು ಬಡಿದ್ರೋ ಏನೋ. ನಾಲ್ಕು ವರ್ಷದಿಂದ ಇದೊಂದೇ."

ಕೋಣೆಯಲ್ಲಿ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ಅವಳು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದಳು.

"ಒಂದೂವರೆ ತಿಂಗಳು ನಿಮ್ಮ ಮನೇಲೇ ಇದ್ರಲ್ಲ. ನಿಮಗಾದ್ರೂ ಹೇಳಿದ್ರಾ?"

ನಾನು ನೆಲ ನೋಡಿದೆ. ಸಾಯುವ ಎರಡು ದಿನ ಮುಂಚೆ ಅಪ್ಪ ಕಣ್ಣು ಬಿಟ್ಟು, "ಅಕ್ಕ, ಅವತ್ತು ಗೋದಾಮಲ್ಲಿ..." ಎಂದು ಶುರುಮಾಡಿದ್ದ. ನಾನು ಅಲ್ಲೇ, ಕಾಲ ಬಳಿ ಕೂತಿದ್ದೆ. ಮುಂದಿನದನ್ನು ಕೇಳುವುದು ನನಗೂ ಬೇಕಾಗಿರಲಿಲ್ಲ.

"ಹೇಳೋಕೆ ಬಂದ," ಎಂದಳು ಅತ್ತೆ. "ಸುಸ್ತಾಗುತ್ತೆ, ಭಾನುವಾರ ಎಲ್ಲರೂ ಬಂದಾಗ ಹೇಳು ಅಂದೆ."